ಏಳು ಚುಕ್ಕೆಯ ನೀಲಿ

ಹಲ್ಲು ಬಂದದ್ದು ಬೆಂಕಿಪೊಟ್ಟಣದಲ್ಲಿ,
ಹತ್ತಿಯ ಮೇಲೆ, ಭತ್ತದ ಕಾಳಿನಷ್ಟು.
ಸಗಣಿ ಉಂಡೆಯೊಳಗಿಟ್ಟು ಸೂರಿನ ಮೇಲೆಸೆದು
ತಿರುಗಿ ನೋಡದೆ ಓಡಬೇಕಿದ್ದದ್ದು.
ಎಸೆಯಬೇಡಿ, ನಮಗೆ ಕೊಡಿ ಎಂದು
ಮಂಡ್ಯದ ಶಾಲೆಗಳಿಗೆ ಚೀಟಿ ಕಳಿಸಿದ್ದೆವು.
ಬಂದ ನಲವತ್ತೊಂದರಲ್ಲಿ ಇದು ಹದಿನೇಳನೆಯದು.
ಲಿಖಿತ, ಎರಡನೇ ತರಗತಿ, ಗುತ್ತಲು.

ಅಂಟಿನಲ್ಲಿ ಹೂತು, ವಜ್ರದ ಅಲಗಿನಲ್ಲಿ ಉದ್ದಕ್ಕೆ ಸೀಳಿ
ಒಂದು ಹೋಳನ್ನು ಕನ್ನಡಿಯಾಗುವಷ್ಟು ತಿಕ್ಕಿದೆ.
ಇನ್ನೊಂದು ಹೋಳು ಮತ್ತೆ ಬೆಂಕಿಪೊಟ್ಟಣಕ್ಕೆ.

ಹೆಬ್ಬಾಳದಿಂದ ಆರ್ಗಾನ್ ಸಿಲಿಂಡರು ಉರುಳಿಸಿ ತರುವ ಮಾದಪ್ಪನಿಗೆ
ಪ್ರತಿ ಸಲ ಅದೇ ಅನುಮಾನ:
‘ಇದ್ರೊಳಗೂ ಗಾಳಿನೇ ಅಲ್ವಾ ಮೇಡಂ?’
ಗಾಳಿಯೇ. ಯಾರೊಂದಿಗೂ ಸೇರದ ಗಾಳಿ.
‘ನಮ್ಮ ಭಾವನ ಥರ’ ಎಂದು ಸಹಿ ಹಾಕಿಸಿಕೊಂಡು ಹೋದ.

ಲೇಸರಿನ ಚುಕ್ಕೆ ಇಪ್ಪತ್ತು ಮೈಕ್ರಾನು.
ಒಂದು ಸಾಲು ಮುಗಿಸಿ, ಮರಳಿ ಬಂದು, ಪಕ್ಕದ ಸಾಲು.
ಓದಿದ ಜಾಗ ಓದುತ್ತಲೇ ಸುಟ್ಟುಹೋಗುತ್ತದೆ.
ಆ ಹೊಗೆಯನ್ನು ಹೀಲಿಯಂ ಹೊತ್ತು
ಸೂರ್ಯನಷ್ಟು ಕಾದ ಬೆಂಕಿಯ ಬಾಯಿಗಿಡುತ್ತದೆ,
ಆಚೆ ಬದಿಯಲ್ಲಿ ತೂಕ ನೋಡಿ ಲೆಕ್ಕ:
ಕ್ಯಾಲ್ಸಿಯಂ ನಲವತ್ತಮೂರು,
ಬೇರಿಯಂ ನೂರ ಮೂವತ್ತೆಂಟು,
ಸೀಸ ಇನ್ನೂರ ಎಂಟು.
ಕರೆಂಟು ಹೋಗದಿರಲಿ ಎಂದುಕೊಳ್ಳುತ್ತ
ಡಬ್ಬಿಯ ಚಿತ್ರಾನ್ನ ತಣ್ಣಗಾಗುವವರೆಗೆ ಕೂತೆ.

ಮೂರೂವರೆಗೆ ಪರದೆಯ ಮೇಲೆ ಹಲ್ಲು ಮೂಡಿತು.
ಕೂದಲೆಳೆಯಷ್ಟು ಒಂದು ಗೆರೆ: ಹುಟ್ಟಿದ ದಿನ.
ಗೆರೆಯ ಒಳಗೆ ಬಸಿರು, ಹೊರಗೆ ಲೋಕ.
ಲೋಕದ ಮೊದಲ ಬಣ್ಣ ಬೇರಿಯಂ, ಅಂದರೆ ಎದೆಹಾಲು.
ಸೀಸದ ನಕಾಶೆ ಬಹಳ ದೂರ ಬರೀ ನೀಲಿ,
ಆಮೇಲೆ, ಒಲೆಯ ಬಾಗಿಲು ತೆರೆದಂತೆ, ಕೆಂಪು.

ಶನಿವಾರ ಗಂಡ ಹೆಂಡತಿ ಮಗಳನ್ನು ಕರೆದುಕೊಂಡು
ಮಾನಸಗಂಗೋತ್ರಿಗೆ ಬಂದರು. ಕಾಗದ ಬಿಡಿಸಿ ಹೇಳಿದೆ:
ಇಲ್ಲೀವರೆಗೂ ಏನಿಲ್ಲ. ಇಲ್ಲಿಂದ ಶುರು. ಐದನೇ ತಿಂಗಳಿರಬಹುದು.
ಜಯಶೀಲ ಕೆಂಪಿನ ಅಂಚಿಗೆ ಬೆರಳಿಟ್ಟರು.
‘ಅಯ್ಯೋ, ನಾನು ತವರಿಂದ ಬಂದಿದ್ದು ಐದಕ್ಕೇಯ.
ಮಳವಳ್ಳೀಲಿ ಬಾಣಂತನ.’
ಗುತ್ತಲಿನ ಮನೆ ಹಿತ್ತಲಲ್ಲಿ ಟ್ರ್ಯಾಕ್ಟರ್ ಬ್ಯಾಟರಿ ರಿಪೇರಿ,
ಸೀಸ ಕರಗಿಸುವ ಬಾಂಡ್ಲಿ, ಪಕ್ಕದಲ್ಲೇ ಬಟ್ಟೆ ಒಣಗುವ ತಂತಿ.
ಕೆಂಪರಾಜು ತಮ್ಮ ಉಗುರು ನೋಡಿಕೊಂಡರು.

ಅಲ್ಲಿಗೆ ನಿಲ್ಲಿಸಬೇಕಿತ್ತು ನಾನು.
ಕೆಂಪಿನ ನಡುವೆ ಒಂದು ನೀಲಿ ಪಟ್ಟಿ, ಏಳು ಚುಕ್ಕೆ ಅಗಲ.
ಯಂತ್ರದ ತಪ್ಪಿರಬಹುದೆಂದು ಗಾಜಿನ ಮಾದರಿ ಇಟ್ಟು
ಎರಡು ಸಲ ಪರೀಕ್ಷಿಸಿದ್ದೆ. ತಪ್ಪಿರಲಿಲ್ಲ.
‘ಸುಮಾರು ನಲವತ್ತು ದಿನ. ಇದೊಂದು ನನಗೆ ಗೊತ್ತಾಗಲಿಲ್ಲ’ ಎಂದೆ.

ಫ್ಯಾನು ತಿರುಗುತ್ತಿತ್ತು.
ಕೆಂಪರಾಜು ಕಿಟಕಿಯ ಹತ್ತಿರ ಹೋಗಿ ನಿಂತರು.
‘ನಂಗೊತ್ತು’ ಎಂದರು ಜಯಶೀಲ, ಬೆರಳು ಎತ್ತದೆ.
‘ಮಾತು ಬಿಟ್ಟಿದ್ದೊ. ಮಗೀನ ಎತ್ಕಂಡು ಹೊಂಟೋಗಿದ್ದೆ.’
ಸ್ವಲ್ಪ ತಡೆದು,
‘ಇವ್ರೇ ಬಂದು ಕರ್ಕಂಡೋದ್ರು. ಒಂದು ಕೇಜಿ ಬಾದುಷಾ ತಂದಿದ್ರು.’

ಬಾದುಷಾದ ಮರುದಿನದಿಂದ ಮತ್ತೆ ಕೆಂಪು.
ಅದನ್ನು ನಾನು ಹೇಳಲಿಲ್ಲ, ಕಾಗದ ಮೇಜಿನ ಮೇಲೇ ಇತ್ತು.

‘ಬಾಂಡ್ಲಿ ಎಷ್ಟು ದೂರಕ್ಕೆ ಇಟ್ಕಬೇಕು ಮೇಡಂ?’
ಕಿಟಕಿಗೇ ಮುಖ ಮಾಡಿ ಕೇಳಿದರು ಕೆಂಪರಾಜು.
ದೂರ ಸಾಲದು, ಮನೆ ಹತ್ತಿರವೇ ಬೇಡ ಎಂದೆ.
ಮಗುವಿನ ರಕ್ತ ಪರೀಕ್ಷೆಗೆ ಚೀಟಿ ಬರೆದುಕೊಟ್ಟೆ.
ವರದಿಯ ಟಿಪ್ಪಣಿಯಲ್ಲಿ, ನೀಲಿ ಪಟ್ಟಿಯ ಎದುರು,
ಬಹಳ ಹೊತ್ತು ಯೋಚಿಸಿ ಬರೆದದ್ದು: ‘ಸ್ಥಳ ಬದಲಾವಣೆ.’

ಲಿಖಿತ ಇಷ್ಟು ಹೊತ್ತೂ ಹೊಸ ಹಲ್ಲಿನ ಗರಗಸವನ್ನು
ನಾಲಗೆಯಿಂದ ಮುಟ್ಟಿ ನೋಡುತ್ತಿದ್ದವಳು
‘ನಂದು ಕೊಡಿ’ ಎಂದಳು.
ಉಳಿದ ಹೋಳು ಕೊಟ್ಟೆ. ಸೂರೆಲ್ಲಿದೆ ಇಲ್ಲಿ,
ಎಲ್ಲಾ ತಾರಸಿ. ಸೈಕಲ್ ಸ್ಟ್ಯಾಂಡಿನ ತಗಡು ಕಂಡು ಹಿಡಿದು
ಅದಕ್ಕೆ ಬೆನ್ನು ಮಾಡಿ ನಿಂತು ಎಸೆದಳು.

ನನ್ನದು ಪಾಂಡವಪುರದ ಯಾವುದೋ ಹೆಂಚಿನ ಸಂದಿಯಲ್ಲಿದೆ,
ನಮ್ಮವ್ವ ಎಲ್ಲಿಗೆ ಹೋಗಿದ್ದಳು, ಯಾವಾಗ ಬಂದಳು,
ಎಲ್ಲ ಇಟ್ಟುಕೊಂಡು.
ತಗಡಿನ ಮೇಲೆ ಟಕ್ ಎಂದಿತು. ಹುಡುಗಿ
ತಿರುಗಿ ನೋಡದೆ ಓಡುತ್ತಿದ್ದಳು.